ಶಿಲೆಯಿಂದ ಅದಿರಿಗೆ: ಸ್ಪಾಡ್ಯುಮೀನ್ ಖನಿಜದ ನೊರೆ ತೇಲಿಕೆಯ ಚರಿತ್ರೆ

ಗಣಿಗಾರಿಕೆಯ ಚರಿತ್ರೆ ಎಂದೊಡನೆ ನಿಕ್ಷೇಪಗಳ ಶೋಧ, ಗಣಿಗಳ ಒಡೆತನ, ಬಂಡವಾಳದ ಹರಿವು, ಕಾರ್ಮಿಕರ ಬದುಕು ಮತ್ತು ಲೋಹಗಳ ಬಳಕೆ ಇವು ನಮ್ಮ ಗಮನಕ್ಕೆ ಬರುತ್ತವೆ. ನೆಲದಿಂದ ಮೇಲೆತ್ತಿದ ಕಲ್ಲಿಗೂ ಕುಲುಮೆಗೆ ಹೋಗುವ ಪದಾರ್ಥಕ್ಕೂ ನಡುವೆ ಇರುವ ಬೇರ್ಪಡಿಕೆಯ ವಿದ್ಯೆಯನ್ನು ಚರಿತ್ರಕಾರರು ಪರಿಶೀಲಿಸಿರುವುದು ಕಡಿಮೆ. ಆದರೆ ಒಂದು ಶಿಲೆಯು ಅದಿರು ಎನಿಸಿಕೊಳ್ಳುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಹಂತದಲ್ಲಿಯೇ. ಪ್ರಸ್ತುತ ಲೇಖನದಲ್ಲಿ, ಲಿಥಿಯಂ ಧಾತುವಿನ ಪ್ರಮುಖ ಖನಿಜವಾದ ಸ್ಪಾಡ್ಯುಮೀನನ್ನು ಅದರೊಡನೆ ಬೆರೆತಿರುವ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದ ಸಿಲಿಕೇಟುಗಳಿಂದ ನೊರೆ ತೇಲಿಕೆಯ ಮೂಲಕ ಬೇರ್ಪಡಿಸುವ ವಿಧಾನವು ಹೇಗೆ ರೂಪುಗೊಂಡಿತು ಎಂಬುದನ್ನು ಪರಿಶೀಲಿಸಲಾಗಿದೆ. ಸಲ್ಫೈಡ್ ಅದಿರುಗಳ ವಿಷಯದಲ್ಲಿ ಈ ಚರಿತ್ರೆಯನ್ನು ಆವಿಷ್ಕಾರಕರ ಹೆಸರು ಮತ್ತು ಪೇಟೆಂಟುಗಳ ಸರಣಿಯಾಗಿ ಬರೆಯುವ ರೂಢಿಯಿದೆ. ಸ್ಪಾಡ್ಯುಮೀನಿನ ವಿಷಯದಲ್ಲಿ ಆ ಕ್ರಮ ಸಾಲದು. ಇಲ್ಲಿ ಯಶಸ್ಸಿಗೆ ಕಾರಣವಾದದ್ದು ಕಣಗಳನ್ನು ತೊಳೆಯುವ, ಉಜ್ಜುವ, ಹದಗೊಳಿಸುವ ಕಾರ್ಯಗಳು. ಅವುಗಳ ಕರ್ತೃಗಳು ಬಹುಪಾಲು ಅನಾಮಿಕರು. ಕರ್ನಾಟಕದಲ್ಲಿಯೂ ಲಿಥಿಯಂ ನಿಕ್ಷೇಪದ ಮಾತು ಕೇಳಿಬಂದಿರುವ ಈ ಕಾಲದಲ್ಲಿ ಈ ಚರಿತ್ರೆಯ ಪರಿಚಯ ಅಗತ್ಯವೆಂದು ಭಾವಿಸಲಾಗಿದೆ.

1. ಧಾತು ಮತ್ತು ಅದರ ಶಿಲೆಗಳು

ಲಿಥಿಯಂ ಪತ್ತೆಯಾದದ್ದು ಶಿಲೆಯಲ್ಲಿ. ಸ್ವೀಡನ್ನಿನ ಊಟೋ ದ್ವೀಪದ ಗಣಿಯಿಂದ ದೊರೆತ ಪೆಟಲೈಟ್ ಮತ್ತು ಸ್ಪಾಡ್ಯುಮೀನ್ ಖನಿಜಗಳನ್ನು ಬ್ರೆಜಿಲಿನ ವಿದ್ವಾಂಸ ಜೋಸೆ ಬೊನಿಫಾಸಿಯೊ ಡಿ ಆಂಡ್ರಾಡಾ ಇ ಸಿಲ್ವ 1800ರಲ್ಲಿ ವಿವರಿಸಿದನು. ಮುಂದೆ ತನ್ನ ದೇಶದ ಸ್ವಾತಂತ್ರ್ಯದ ಮುತ್ಸದ್ದಿಯೆಂದು ಹೆಸರಾದವನೂ ಈತನೇ. 1817ರಲ್ಲಿ ಸ್ಟಾಕ್‌ಹೋಮಿನ ಬರ್ಜೀಲಿಯಸ್ಸನ ಪ್ರಯೋಗಾಲಯದಲ್ಲಿ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಪೆಟಲೈಟನ್ನು ವಿಶ್ಲೇಷಿಸುತ್ತಿದ್ದಾಗ ಅದುವರೆಗೆ ಅರಿಯದ ಕ್ಷಾರವೊಂದು ಕಂಡುಬಂದಿತು. ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳು ಸಸ್ಯಮೂಲದಿಂದಲೂ ಪರಿಚಿತವಾಗಿದ್ದವು. ಇದು ಶಿಲೆಯಲ್ಲಿ ದೊರೆತುದರಿಂದ, ಕಲ್ಲು ಎಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಹೆಸರು ಬಂದಿತು. ಸ್ಪಾಡ್ಯುಮೀನ್ ಎಂಬ ಹೆಸರೂ ಗ್ರೀಕ್ ಮೂಲದ್ದೇ; ಸುಟ್ಟು ಬೂದಿಯಾದದ್ದು ಎಂದು ಅದರ ಅರ್ಥ.

ಸ್ಪಾಡ್ಯುಮೀನ್ ಲಿಥಿಯಂ ಮತ್ತು ಅಲ್ಯೂಮಿನಿಯಂಗಳ ಸಿಲಿಕೇಟು. ಪರಿಶುದ್ಧ ಸ್ಥಿತಿಯಲ್ಲಿ ಅದರಲ್ಲಿ ಶೇಕಡ 8ರಷ್ಟು ಲಿಥಿಯಂ ಆಕ್ಸೈಡ್ ಇರುತ್ತದೆ. ಅದು ದೊರೆಯುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಅಗ್ನಿಶಿಲೆಯಲ್ಲಿ. ಈ ಶಿಲೆಯ ಬಹುಭಾಗವು ಬೆಣಚು ಮತ್ತು ಫೆಲ್ಡ್‌ಸ್ಪಾರುಗಳಿಂದ ಕೂಡಿದ್ದು, ನಡುನಡುವೆ ಅಭ್ರಕದ ಪದರಗಳಿರುತ್ತವೆ. ಇವೆಲ್ಲವೂ ಮೂಲತಃ ಸಿಲಿಕಾನ್ ಮತ್ತು ಆಮ್ಲಜನಕಗಳ ಕಟ್ಟಡಗಳು. ಬಣ್ಣದಲ್ಲಿ ಬೂದು, ಬಿಳಿ, ತೆಳುಹಸಿರು. ತೂಕದಲ್ಲಿ ಅಲ್ಪ ವ್ಯತ್ಯಾಸ. ಬೆಣಚಿನ ಸಾಪೇಕ್ಷ ಸಾಂದ್ರತೆ 2.65 ಆದರೆ ಸ್ಪಾಡ್ಯುಮೀನಿನದು 3.1ರಿಂದ 3.2. ಚಿನ್ನಕ್ಕೂ ಮರಳಿಗೂ ಇರುವ ಅಂತರದಂತೆ ಇದು ಜರಡಿ, ಮರಿಗೆಗಳಿಗೆ ಸುಲಭವಾಗಿ ವಶವಾಗುವ ಅಂತರವಲ್ಲ. ಸೋದರರಂತಿರುವ ಈ ಖನಿಜಗಳ ನಡುವೆ ಒಂದನ್ನು ಮಾತ್ರ ಆರಿಸುವುದೇ ನಮ್ಮ ಮುಂದಿರುವ ಸಮಸ್ಯೆ.

2. ಕೈಯಿಂದ ಆರಿಸಿದ ಕಾಲ

ಆರಂಭದಲ್ಲಿ ಈ ಸಮಸ್ಯೆಯನ್ನು ಪ್ರಕೃತಿಯೇ ಪರಿಹರಿಸಿದ್ದ ಸ್ಥಳಗಳನ್ನು ಹುಡುಕಿಕೊಳ್ಳಲಾಯಿತು. ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಬ್ಲ್ಯಾಕ್ ಹಿಲ್ಸ್ ಪ್ರದೇಶದಲ್ಲಿರುವ ಎಟ್ಟಾ ಗಣಿ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಸ್ಪಾಡ್ಯುಮೀನಿನ ಹರಳುಗಳು ಮರದ ದಿಮ್ಮಿಗಳಂತೆ ಅಡ್ಡಾದಿಡ್ಡಿಯಾಗಿ ಬಿದ್ದಿದ್ದವು. 12 ಮೀಟರಿಗೂ ಮಿಗಿಲಾದ ಉದ್ದದ ಹರಳು ದಾಖಲಾಗಿದೆ. 1898ರಿಂದ ಅಲ್ಲಿ ಲಿಥಿಯಂಗಾಗಿ ಗಣಿಗಾರಿಕೆ ನಡೆಯಿತು. ಸುತ್ತಿಗೆಯಿಂದ ಒಡೆದು, ಕಣ್ಣಿನಿಂದ ಗುರುತಿಸಿ, ಕೈಯಿಂದ ಆರಿಸಿ ರಾಶಿ ಹಾಕುವುದೇ ಅಲ್ಲಿನ ವಿಧಾನವಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳೆಲ್ಲ ತ್ಯಾಜ್ಯದ ಪಾಲಾದವು.

ಉತ್ತರ ಕೆರೊಲಿನದ ಕಿಂಗ್ಸ್ ಮೌಂಟನ್ ಮತ್ತು ಲಿಂಕನ್‌ಟನ್ ಊರುಗಳ ನಡುವಣ ಪೆಗ್ಮಟೈಟ್ ಪಟ್ಟಿಯ ಸ್ಥಿತಿ ಇದಕ್ಕೆ ತೀರ ಭಿನ್ನ. ಅಲ್ಲಿ ಶಿಲೆಯ ಸುಮಾರು ಐದನೆಯ ಒಂದು ಭಾಗ ಸ್ಪಾಡ್ಯುಮೀನೇ ಆಗಿತ್ತಾದರೂ ಅದು ಸಣ್ಣ ಹರಳುಗಳಾಗಿ ಶಿಲೆಯ ತುಂಬ ಸಮವಾಗಿ ಹರಡಿಕೊಂಡಿತ್ತು. ಒಟ್ಟು ಪ್ರಮಾಣದಲ್ಲಿ ಶ್ರೀಮಂತವಾದ ಈ ನಿಕ್ಷೇಪವು ಕೈಯಿಂದ ಆರಿಸುವ ವಿಧಾನದ ದೃಷ್ಟಿಯಿಂದ ನಿರುಪಯುಕ್ತವಾಗಿತ್ತು. ಶಿಲೆಯನ್ನು 1000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿದರೆ ಸ್ಪಾಡ್ಯುಮೀನ್ ಹಿಗ್ಗಿ ಪುಡಿಯಾಗುವ ಗುಣವನ್ನು ಬಳಸಿಕೊಳ್ಳುವ ಪ್ರಯತ್ನಗಳೂ ನಡೆದವು. ಆದರೆ ತ್ಯಾಜ್ಯವಾಗಬೇಕಾದ ನಾಲ್ಕು ಪಾಲು ಕಲ್ಲನ್ನೂ ಸೇರಿಸಿ ಕಾಯಿಸಬೇಕಾದ ಇಂಧನದ ವೆಚ್ಚ ಅದಕ್ಕೆ ಅಡ್ಡಿಯಾಗಿತ್ತು. ಇನ್ನುಳಿದ ಮಾರ್ಗ ನೊರೆ ತೇಲಿಕೆ. ಅದು ಆ ವೇಳೆಗೆ ಸಲ್ಫೈಡ್ ಅದಿರುಗಳ ಕ್ಷೇತ್ರದಲ್ಲಿ ಬೆಳೆದು ನಿಂತಿತ್ತು.

3. ಸಲ್ಫೈಡ್ ಅದಿರುಗಳಲ್ಲಿ ನೊರೆಯ ಆವಿಷ್ಕಾರ

ನೊರೆ ತೇಲಿಕೆಯ ತತ್ತ್ವ ಸರಳವಾದದ್ದು. ನುಣ್ಣಗೆ ಅರೆದ ಶಿಲೆಯನ್ನು ನೀರಿನಲ್ಲಿ ಕಲಸಿ ಗಾಳಿಯ ಗುಳ್ಳೆಗಳನ್ನು ಹಾಯಿಸಿದಾಗ, ನೀರಿಗೆ ಒದ್ದೆಯಾಗದ ಕಣಗಳು ಗುಳ್ಳೆಗೆ ಅಂಟಿಕೊಂಡು ಮೇಲೇರುತ್ತವೆ. ಒದ್ದೆಯಾಗುವ ಕಣಗಳು ತಳದಲ್ಲಿ ಉಳಿಯುತ್ತವೆ. ಇಲ್ಲಿ ಕಣದ ತೂಕಕ್ಕಿಂತ ಅದರ ಮೇಲ್ಮೈಯ ಸ್ವಭಾವ ಮುಖ್ಯ.

ಇಂಗ್ಲೆಂಡಿನ ವಿಲಿಯಂ ಹೇನ್ಸ್ 1860ರಲ್ಲಿ ಪಡೆದ ಪೇಟೆಂಟಿನಲ್ಲಿ ಎಣ್ಣೆಯು ಸಲ್ಫೈಡುಗಳನ್ನು ಹಿಡಿದುಕೊಳ್ಳುವ ಗುಣದ ಉಲ್ಲೇಖವಿದೆ. 1877ರಲ್ಲಿ ಡ್ರೆಸ್ಡೆನ್ನಿನ ಬೆಸೆಲ್ ಸೋದರರು ಗ್ರಾಫೈಟನ್ನು ಎಣ್ಣೆ ಮತ್ತು ಗುಳ್ಳೆಗಳ ನೆರವಿನಿಂದ ತೇಲಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1886ರಲ್ಲಿ ಅಮೆರಿಕದ ಕ್ಯಾರಿ ಎವರ್ಸನ್ ಎಂಬಾಕೆಗೆ ಎಣ್ಣೆ ಮತ್ತು ಆಮ್ಲಗಳನ್ನು ಬಳಸುವ ವಿಧಾನಕ್ಕಾಗಿ ಪೇಟೆಂಟ್ ದೊರೆಯಿತು. ಆಕೆಯನ್ನು ಕುರಿತ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಶಾಲಾ ಶಿಕ್ಷಕಿಯಾದ ಆಕೆ ಸೋದರನ ಜಿಡ್ಡು ಹಿಡಿದ ಅದಿರಿನ ಚೀಲಗಳನ್ನು ಒಗೆಯುವಾಗ ಆಕಸ್ಮಿಕವಾಗಿ ಈ ವಿದ್ಯಮಾನವನ್ನು ಕಂಡಳೆಂಬುದು ಆ ಕಥೆ. ಈಚಿನ ಸಂಶೋಧನೆಗಳು ಇದನ್ನು ಅಲ್ಲಗಳೆದಿವೆ. ಆಕೆ ಷಿಕಾಗೋದ ವೈದ್ಯರೊಬ್ಬರ ಪತ್ನಿ. ಉದ್ದೇಶಪೂರ್ವಕವಾಗಿ ಪ್ರಯೋಗಗಳನ್ನು ನಡೆಸಿ ಆ ವಿಧಾನವನ್ನು ಕಂಡುಕೊಂಡವಳು. ಮಹಿಳೆಯೊಬ್ಬಳ ವ್ಯವಸ್ಥಿತ ಪ್ರಯೋಗವನ್ನು ಬಟ್ಟೆ ಒಗೆಯುವಾಗಿನ ಆಕಸ್ಮಿಕವನ್ನಾಗಿ ಮಾರ್ಪಡಿಸಿದ ಈ ಐತಿಹ್ಯವು ತಂತ್ರಜ್ಞಾನದ ಚರಿತ್ರೆಯನ್ನು ಬರೆಯುವವರಿಗೆ ಎಚ್ಚರಿಕೆಯಂತಿದೆ. ಪೇಟೆಂಟಿನ ಅವಧಿ ಮುಗಿಯುವವರೆಗೂ ಆಕೆಗೆ ಅದರಿಂದ ಹೇಳಿಕೊಳ್ಳುವಂಥ ಪ್ರತಿಫಲ ದೊರೆಯಲಿಲ್ಲ.

ಈ ವಿದ್ಯೆ ಉದ್ಯಮವಾಗಿ ಬೆಳೆದದ್ದು ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಗಳಲ್ಲಿ. ಸೀಸ ಮತ್ತು ಬೆಳ್ಳಿಗಳನ್ನು ತೆಗೆದ ಬಳಿಕ ಉಳಿದ, ಸತುವಿನಿಂದ ಕೂಡಿದ ತ್ಯಾಜ್ಯ ಅಲ್ಲಿ ಲಕ್ಷಾಂತರ ಟನ್ನುಗಳಷ್ಟು ಗುಡ್ಡೆಯಾಗಿ ಬಿದ್ದಿತ್ತು. ಕೋಲಾರದ ಚಿನ್ನದ ಗಣಿಗಳ ಸುತ್ತಲಿನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಇಂಥ ದೃಶ್ಯದ ಕಲ್ಪನೆ ಕಷ್ಟವಾಗದು. 1902ರಲ್ಲಿ ಮೆಲ್ಬರ್ನಿನ ಚಾರ್ಲ್ಸ್ ಪಾಟರ್ ಮತ್ತು ಬ್ರೋಕನ್ ಹಿಲ್ ಪ್ರೊಪ್ರೈಟರಿ ಕಂಪನಿಯ ಡೆಲ್‌ಪ್ರಾಟ್ ಆಮ್ಲದ್ರಾವಣದ ಗುಳ್ಳೆಗಳಿಂದ ಸತುವಿನ ಸಲ್ಫೈಡನ್ನು ತೇಲಿಸುವ ವಿಧಾನಗಳನ್ನು ರೂಪಿಸಿದರು. ಪಾಟರ್ ಬಿಯರ್ ತಯಾರಿಕೆಯ ವೃತ್ತಿಯವನು ಎಂಬುದು ಸ್ವಾರಸ್ಯಕರ; ನೊರೆಯ ನಡವಳಿಕೆ ಅವನಿಗೆ ಹೊಸದಲ್ಲ. 1905ರಲ್ಲಿ ಲಂಡನ್ನಿನ ಮಿನರಲ್ಸ್ ಸೆಪರೇಷನ್ ಕಂಪನಿಯು ಅತ್ಯಲ್ಪ ಪ್ರಮಾಣದ ಎಣ್ಣೆಯೊಡನೆ ರಭಸದಿಂದ ಕಲಕಿ ಗಾಳಿಯನ್ನು ಬೆರೆಸುವ ವಿಧಾನವನ್ನು ಕಂಡುಕೊಂಡಿತು. ಈ ಪೇಟೆಂಟನ್ನು ಕುರಿತ ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1916ರಲ್ಲಿ ಕಂಪನಿಯ ಪರವಾಗಿ ತೀರ್ಪು ಬಂದಿತು. 1922ರಲ್ಲಿ ಸೈನೈಡನ್ನು ನಿಗ್ರಹಕವಾಗಿ ಬಳಸುವ ವಿಧಾನವೂ 1925ರಲ್ಲಿ ಕ್ಸಾಂಥೇಟ್ ಎಂಬ ಸಂಗ್ರಾಹಕ ರಾಸಾಯನಿಕವೂ ಬಳಕೆಗೆ ಬಂದ ಮೇಲೆ ಸೀಸ, ಸತುವು, ತಾಮ್ರಗಳನ್ನು ಒಂದರ ನಂತರ ಒಂದಾಗಿ ಬೇರ್ಪಡಿಸುವುದು ಸಾಧ್ಯವಾಯಿತು.

4. ಸಿಲಿಕೇಟುಗಳ ತೊಡಕು

ಸಲ್ಫೈಡುಗಳಲ್ಲಿ ದೊರೆತ ಈ ಯಶಸ್ಸನ್ನು ಸಿಲಿಕೇಟುಗಳಿಗೆ ವಿಸ್ತರಿಸುವುದು ಸುಲಭವಾಗಿರಲಿಲ್ಲ. ಸಲ್ಫೈಡ್ ಖನಿಜಕ್ಕೂ ಬೆಣಚಿಗೂ ರಾಸಾಯನಿಕವಾಗಿ ದೂರದ ಅಂತರವಿದೆ. ಕ್ಸಾಂಥೇಟ್ ಒಂದನ್ನು ಹಿಡಿಯುತ್ತದೆ, ಇನ್ನೊಂದನ್ನು ಮುಟ್ಟುವುದಿಲ್ಲ. ಸ್ಪಾಡ್ಯುಮೀನ್, ಫೆಲ್ಡ್‌ಸ್ಪಾರ್ ಮತ್ತು ಬೆಣಚುಗಳಾದರೋ ಎಲ್ಲವೂ ನೀರನ್ನು ಪ್ರೀತಿಸುವ ಮೇಲ್ಮೈಯುಳ್ಳವು. ಕ್ಸಾಂಥೇಟಿಗೆ ಇವುಗಳಲ್ಲಿ ಯಾವುದೂ ಒಲಿಯದು. ಸಾಬೂನಿನ ಮೂಲವಾದ ಒಲೀಕ್ ಆಮ್ಲದಂಥ ಕೊಬ್ಬಿನ ಆಮ್ಲಗಳನ್ನು ಬಳಸಿದರೆ ಕೆಲವೊಮ್ಮೆ ಎಲ್ಲವೂ ತೇಲುತ್ತಿದ್ದವು, ಕೆಲವೊಮ್ಮೆ ಯಾವುದೂ ತೇಲುತ್ತಿರಲಿಲ್ಲ.

ಈ ಚಂಚಲತೆಗೆ ಎರಡು ಕಾರಣಗಳಿದ್ದವು. ಮೊದಲನೆಯದು ಸೂಕ್ಷ್ಮ ಕೆಸರು. ಶಿಲೆಯನ್ನು ಅರೆಯುವಾಗ ಉಂಟಾಗುವ ಅತಿ ನುಣುಪಾದ ಪುಡಿ ಪ್ರತಿಯೊಂದು ಕಣಕ್ಕೂ ಲೇಪನದಂತೆ ಅಂಟಿಕೊಂಡು, ಭಿನ್ನ ಖನಿಜಗಳಿಗೆ ಒಂದೇ ಬಗೆಯ ಮುಸುಕನ್ನು ಹೊದಿಸುತ್ತಿತ್ತು. ಸಾಲದುದಕ್ಕೆ, ಹಾಕಿದ ಕೊಬ್ಬಿನ ಆಮ್ಲದ ಬಹುಭಾಗವನ್ನು ಈ ಪುಡಿಯೇ ಹೀರಿಕೊಳ್ಳುತ್ತಿತ್ತು. ಎರಡನೆಯದು ನೀರಿನಲ್ಲಿ ಕರಗಿರುವ ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು. ಇವು ಬೆಣಚಿನ ಮೇಲ್ಮೈಯಲ್ಲಿ ಕುಳಿತರೆ ಅದುವರೆಗೆ ಒಲೀಕ್ ಆಮ್ಲಕ್ಕೆ ಒಲಿಯದಿದ್ದ ಬೆಣಚೂ ತೇಲತೊಡಗುತ್ತದೆ. ಅರೆಯುವ ಉಕ್ಕಿನ ಗುಂಡುಗಳ ಸವೆತದಿಂದ ಬರುವ ಕಬ್ಬಿಣವೂ ಈ ಕೆಲಸಕ್ಕೆ ಸಾಕಾಗುತ್ತಿತ್ತು. ಅಂದರೆ, ಹೊಸ ಸಂಗ್ರಾಹಕವನ್ನು ಹುಡುಕುವುದಕ್ಕಿಂತ ಮೊದಲು ಪ್ರತಿ ಖನಿಜದ ನಿಜವಾದ ಮೇಲ್ಮೈಯನ್ನು ಹೊರಗೆಡಹುವುದು ಅಗತ್ಯವಾಗಿತ್ತು. ಈ ಅರಿವು ಸ್ಪಾಡ್ಯುಮೀನ್ ತೇಲಿಕೆಯ ಚರಿತ್ರೆಯ ತಿರುವು ಎಂದು ಹೇಳಬಹುದು.

5. ಕಿಂಗ್ಸ್ ಮೌಂಟನ್: ಎರಡು ವಿರುದ್ಧ ಮಾರ್ಗಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಿಥಿಯಂಗೆ ಹಠಾತ್ತಾಗಿ ಬೇಡಿಕೆ ಬಂದಿತು. ನೀರಿಗೆ ಹಾಕಿದೊಡನೆ ಜಲಜನಕವನ್ನು ಬಿಡುಗಡೆ ಮಾಡುವ ಲಿಥಿಯಂ ಹೈಡ್ರೈಡನ್ನು ಸಮುದ್ರದಲ್ಲಿ ಸಿಲುಕಿದ ಯೋಧರ ರೇಡಿಯೊ ತಂತಿಯನ್ನು ಎತ್ತರಕ್ಕೇರಿಸುವ ಬಲೂನುಗಳಲ್ಲಿ ಬಳಸಲಾಯಿತು. ಲಿಥಿಯಂ ಸಾಬೂನಿನಿಂದ ಮಾಡಿದ ಜಿಡ್ಡು ಶೀತೋಷ್ಣಗಳೆರಡನ್ನೂ ತಡೆಯುವ ಕೀಲೆಣ್ಣೆಯಾಗಿ ಪರಿಣಮಿಸಿತು. ಯುದ್ಧಕಾಲದಲ್ಲಿಯೇ ಕಿಂಗ್ಸ್ ಮೌಂಟನ್ನಿನಲ್ಲಿ ಸ್ಪಾಡ್ಯುಮೀನ್ ಸಾರೀಕರಣದ ಕಾರ್ಖಾನೆಯೊಂದು ನಡೆಯಿತು. 1950ರ ದಶಕದಲ್ಲಿ ಫೂಟ್ ಮಿನರಲ್ ಕಂಪನಿ ಮತ್ತು ಲಿಥಿಯಂ ಕಾರ್ಪೊರೇಷನ್ ಆಫ್ ಅಮೆರಿಕ ಸಂಸ್ಥೆಗಳು ಆ ಪ್ರದೇಶದಲ್ಲಿ ದೊಡ್ಡ ಪ್ರಮಾಣದ ಉದ್ಯಮವನ್ನು ಕಟ್ಟಿದವು. ಈ ಬೆಳವಣಿಗೆಯ ಹಿಂದಿದ್ದ ಮುಖ್ಯ ಗ್ರಾಹಕ ಅಮೆರಿಕದ ಪರಮಾಣು ಶಕ್ತಿ ಆಯೋಗ. ಜಲಜನಕ ಬಾಂಬಿಗೆ ಬೇಕಾದ ಲಿಥಿಯಂ-6 ಸಮಸ್ಥಾನಿಯನ್ನು ಬೇರ್ಪಡಿಸಲು ಅದು ಅಪಾರ ಪ್ರಮಾಣದಲ್ಲಿ ಲಿಥಿಯಂ ಹೈಡ್ರಾಕ್ಸೈಡನ್ನು ಕೊಂಡಿತು. ಇಂದು ಶುದ್ಧ ಶಕ್ತಿಯ ಸಂಕೇತವಾಗಿರುವ ಧಾತುವಿನ ಸಂಸ್ಕರಣ ವಿದ್ಯೆಯು ಶೀತಲ ಸಮರದ ಹಣದಿಂದ ಪಕ್ವವಾಯಿತು ಎಂಬ ಸಂಗತಿಯನ್ನು ಮರೆಮಾಚುವಂತಿಲ್ಲ.

ಅಲ್ಲಿ ಅಭಿವೃದ್ಧಿಯಾದ ಎರಡು ವಿಧಾನಗಳು ಪರಸ್ಪರ ವಿರುದ್ಧ ತತ್ತ್ವದವು. ಮೊದಲನೆಯದು ನೇರ ತೇಲಿಕೆ. ಅರೆದ ಶಿಲೆಯಿಂದ ಸೂಕ್ಷ್ಮ ಕೆಸರನ್ನು ತೊಳೆದು ತೆಗೆದು, ಉಳಿದ ಮರಳನ್ನು ಗಟ್ಟಿಯಾದ ರಾಡಿಯ ಸ್ಥಿತಿಯಲ್ಲಿ ಕಾಸ್ಟಿಕ್ ಸೋಡದೊಡನೆ ಕಣಕ್ಕೆ ಕಣ ಉಜ್ಜುವಂತೆ ರಭಸವಾಗಿ ಕಲಕಲಾಗುತ್ತಿತ್ತು. ಮತ್ತೆ ತೊಳೆದು, ಒಲೀಕ್ ಆಮ್ಲವನ್ನೋ ಪೈನ್ ಮರದ ಕಾಗದ ತಯಾರಿಕೆಯಲ್ಲಿ ದೊರೆಯುವ ಟಾಲ್ ಎಣ್ಣೆಯ ಆಮ್ಲವನ್ನೋ ಬೆರೆಸಿ ಗಟ್ಟಿ ರಾಡಿಯಲ್ಲಿಯೇ ಹದಗೊಳಿಸಿ, ಬಳಿಕ ನೀರು ಸೇರಿಸಿ ಗಾಳಿ ಹಾಯಿಸಿದರೆ ಸ್ಪಾಡ್ಯುಮೀನ್ ನೊರೆಯೊಡನೆ ಮೇಲೇರುತ್ತಿತ್ತು. ಎರಡನೆಯದು ವಿಲೋಮ ತೇಲಿಕೆ. ಇಲ್ಲಿ ಸುಣ್ಣದಿಂದ ರಾಡಿಯನ್ನು ತೀವ್ರ ಕ್ಷಾರೀಯಗೊಳಿಸಿ, ಪಿಷ್ಟ ಅಥವಾ ಡೆಕ್ಸ್‌ಟ್ರಿನ್ನಿನಿಂದ ಸ್ಪಾಡ್ಯುಮೀನನ್ನು ಮೇಲೇಳದಂತೆ ತಡೆದು, ಅಮೀನ್ ವರ್ಗದ ರಾಸಾಯನಿಕದಿಂದ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳನ್ನು ತೇಲಿಸಿ ಹೊರಹಾಕಲಾಗುತ್ತಿತ್ತು. ಬೇಕಾದದ್ದು ತೊಟ್ಟಿಯ ತಳದಲ್ಲಿ ಉಳಿಯುತ್ತಿತ್ತು.

ಒಂದು ವಿಧಾನದಲ್ಲಿ ತೇಲಿದ್ದು ಇನ್ನೊಂದರಲ್ಲಿ ಮುಳುಗುತ್ತದೆ ಎಂಬುದನ್ನು ಗಮನಿಸಬೇಕು. ತೇಲುವುದು ಖನಿಜದ ಹುಟ್ಟುಗುಣವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಖನಿಜಗಳ ನಡುವಣ ಅತಿ ಸಣ್ಣ ಭೇದವೊಂದನ್ನು ತೊಳೆತ, ಉಜ್ಜುವಿಕೆ, ಕ್ಷಾರತೆ ಮತ್ತು ಕಾಲಾವಧಿಗಳ ಮೂಲಕ ದೊಡ್ಡದು ಮಾಡಿ ತೋರಿಸಲಾಯಿತು. ಎಷ್ಟು ಹೊತ್ತು ಉಜ್ಜಬೇಕು, ರಾಡಿ ಎಷ್ಟು ಗಟ್ಟಿಯಿರಬೇಕು, ಬಳಸುವ ನೀರು ಎಷ್ಟು ಮೃದುವಾಗಿರಬೇಕು ಎಂಬಂಥ ವಿವರಗಳನ್ನು ಪ್ರಯೋಗಾಲಯದ ಸಹಾಯಕರು ಮತ್ತು ಕಾರ್ಖಾನೆಯ ಪಾಳಿ ಕೆಲಸಗಾರರು ದಿನದಿನದ ಪರೀಕ್ಷೆಯಿಂದ ನಿಷ್ಕರ್ಷಿಸಬೇಕಾಗಿತ್ತು. ನೊರೆಯ ಬಣ್ಣ ಮತ್ತು ಗುಳ್ಳೆಯ ಗಾತ್ರವನ್ನು ನೋಡಿ ರಾಸಾಯನಿಕದ ಧಾರೆಯನ್ನು ಹೆಚ್ಚುಕಡಿಮೆ ಮಾಡುವ ಕಣ್ಣಳತೆಯ ವಿದ್ಯೆ ಪೇಟೆಂಟುಗಳಲ್ಲಿ ಪೂರ್ಣವಾಗಿ ಅಡಕವಾಗುವಂಥದಲ್ಲ.

6. ಆಚರಣೆಯ ಹಿಂದೆ ಬಂದ ಸಿದ್ಧಾಂತ

ವಿಧಾನ ಕೆಲಸಮಾಡುತ್ತಿತ್ತಾದರೂ ಏಕೆ ಕೆಲಸಮಾಡುತ್ತದೆ ಎಂಬುದರ ವಿವರಣೆ ನಿಧಾನವಾಗಿ ದೊರೆಯಿತು. 1955ರಲ್ಲಿ ಗೊಡಾನ್ ಮತ್ತು ಫ್ಯೂರ್‌ಸ್ಟೆನೊ ಬೆಣಚಿನ ಮೇಲೆ ಅಮೀನ್ ಅಣುಗಳು ಗುಂಪುಗೂಡಿ ಅಂಟಿಕೊಳ್ಳುವ ಬಗೆಯನ್ನು ಮೇಲ್ಮೈಯ ವಿದ್ಯುದಾವೇಶದ ಆಧಾರದಿಂದ ವಿವರಿಸಿದರು. ಈ ಸಿದ್ಧಾಂತದ ಬೆಳವಣಿಗೆಯಲ್ಲಿ ಬೆಂಗಳೂರಿನ ನಂಟೂ ಇದೆ. ಕೇರಳದಲ್ಲಿ ಹುಟ್ಟಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರವನ್ನು ಅಭ್ಯಾಸಮಾಡಿ, ಬರ್ಕ್ಲಿಯಲ್ಲಿ ಸಂಶೋಧನೆ ನಡೆಸಿದ ಪಿ. ಸೋಮಸುಂದರನ್ ಅವರು ಫ್ಯೂರ್‌ಸ್ಟೆನೊ ಅವರೊಡನೆ 1966ರಲ್ಲಿ ಅಲ್ಯೂಮಿನದ ಮೇಲೆ ಸಲ್ಫೊನೇಟ್ ಅಣುಗಳು ಅಂಟುವ ಹಂತಗಳನ್ನು ನಿರೂಪಿಸಿದರು. ಅದು ನೇರವಾಗಿ ಸ್ಪಾಡ್ಯುಮೀನನ್ನು ಕುರಿತದ್ದಲ್ಲ. ಆದರೆ ಆಕ್ಸೈಡ್ ಮತ್ತು ಸಿಲಿಕೇಟುಗಳ ತೇಲಿಕೆಯನ್ನು ಅರಿಯಲು ಅದು ತಳಹದಿಯಾಯಿತು.

ಸ್ಪಾಡ್ಯುಮೀನಿನ ವಿಶಿಷ್ಟತೆಗೆ ಸ್ಪಷ್ಟ ವಿವರಣೆ ನೀಡಿದ ಬರಹಗಳಲ್ಲಿ 2003ರಲ್ಲಿ ಮೂನ್ ಮತ್ತು ಫ್ಯೂರ್‌ಸ್ಟೆನೊ ಪ್ರಕಟಿಸಿದ ಲೇಖನ ಮುಖ್ಯವಾದದ್ದು. ಸ್ಪಾಡ್ಯುಮೀನಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕಗಳು ಸರಪಳಿಗಳಾಗಿದ್ದು, ಅವುಗಳನ್ನು ಅಲ್ಯೂಮಿನಿಯಂ ಮತ್ತು ಲಿಥಿಯಂಗಳು ಬೆಸೆದಿರುತ್ತವೆ. ಶಿಲೆಯನ್ನು ಅರೆದಾಗ ಹರಳು ಸೀಳುವುದು ಬಲವಾದ ಸರಪಳಿಯಲ್ಲಲ್ಲ, ದುರ್ಬಲವಾದ ಬೆಸುಗೆಯಲ್ಲಿ. ಹಾಗಾಗಿ ಸೀಳಿದ ಮೇಲ್ಮೈಯಲ್ಲಿ ಅಲ್ಯೂಮಿನಿಯಂ ಪರಮಾಣುಗಳು ತೆರೆದುಕೊಳ್ಳುತ್ತವೆ. ಒಲಿಯೇಟ್ ಅಣುಗಳು ಹಿಡಿದುಕೊಳ್ಳುವುದು ಅವನ್ನೇ. ಫೆಲ್ಡ್‌ಸ್ಪಾರಿನಲ್ಲಿಯೂ ಅಲ್ಯೂಮಿನಿಯಂ ಇದೆ, ಆದರೆ ಅದು ಸಿಲಿಕಾನಿನ ಜಾಲದೊಳಗೇ ಹುದುಗಿರುವುದರಿಂದ ಸುಲಭವಾಗಿ ಕೈಗೆ ಸಿಗದು. ಬೆಣಚಿನಲ್ಲಿ ಅದು ಇಲ್ಲವೇ ಇಲ್ಲ. ಕಿಂಗ್ಸ್ ಮೌಂಟನ್ನಿನಲ್ಲಿ ಕಾಸ್ಟಿಕ್ ಸೋಡದಿಂದ ಉಜ್ಜಿದವರು ಅರಿತೋ ಅರಿಯದೆಯೋ ಈ ಅಲ್ಯೂಮಿನಿಯಂ ತಾಣಗಳ ಮೇಲಿನ ಮುಸುಕನ್ನು ತೆಗೆಯುತ್ತಿದ್ದರು. ಆಚರಣೆಗೂ ಅದರ ಪೂರ್ಣ ವಿವರಣೆಗೂ ನಡುವೆ ಸುಮಾರು ಅರ್ಧ ಶತಮಾನದ ಅಂತರವಿದೆ. ವಿಜ್ಞಾನವು ಮುಂದೆ ನಡೆಯುತ್ತದೆ, ತಂತ್ರಜ್ಞಾನವು ಹಿಂಬಾಲಿಸುತ್ತದೆ ಎಂಬ ರೂಢಿಯ ನಂಬಿಕೆಯನ್ನು ಇದು ಸಮರ್ಥಿಸುವುದಿಲ್ಲ.

7. ಅವನತಿ ಮತ್ತು ಪುನರುತ್ಥಾನ

ಬೇರ್ಪಡಿಕೆಯ ವಿದ್ಯೆ ಶಿಲೆಯನ್ನು ಅದಿರನ್ನಾಗಿಸಿದಂತೆಯೇ, ಅಗ್ಗದ ಪ್ರತಿಸ್ಪರ್ಧಿಯೊಂದು ಅದಿರನ್ನು ಮತ್ತೆ ಶಿಲೆಯನ್ನಾಗಿಸಬಲ್ಲದು. 1966ರಿಂದ ನೆವಾಡದ ಸಿಲ್ವರ್ ಪೀಕ್‌ನಲ್ಲಿಯೂ 1984ರಿಂದ ಚಿಲಿ ದೇಶದ ಅಟಕಾಮ ಉಪ್ಪುಬಯಲಿನಲ್ಲಿಯೂ ಲವಣಜಲವನ್ನು ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯಲಾರಂಭಿಸಿದರು. ಅರೆಯುವ, ಉಜ್ಜುವ, ಕಾಯಿಸುವ ಖರ್ಚು ಅಲ್ಲಿಲ್ಲ. 1998ರಲ್ಲಿ ಉತ್ತರ ಕೆರೊಲಿನದ ಕೊನೆಯ ಸ್ಪಾಡ್ಯುಮೀನ್ ಗಣಿ ಮುಚ್ಚಿತು. ನೆಲದಲ್ಲಿ ಖನಿಜ ಮುಗಿದಿರಲಿಲ್ಲ. ಲೆಕ್ಕ ಮಾತ್ರ ಬದಲಾಗಿತ್ತು. 1888ರಲ್ಲಿ ತವರದ ಗಣಿಯಾಗಿ ಆರಂಭವಾದ ಪಶ್ಚಿಮ ಆಸ್ಟ್ರೇಲಿಯದ ಗ್ರೀನ್‌ಬುಷಸ್‌ನಲ್ಲಿ 1980ರ ದಶಕದಿಂದ ನಡೆದ ಸ್ಪಾಡ್ಯುಮೀನ್ ಗಣಿಗಾರಿಕೆ ಈ ವಿದ್ಯೆಯನ್ನು ಜೀವಂತವಾಗಿ ಉಳಿಸಿತು. ಹರಳು ದಪ್ಪವಿರುವ ಕಡೆ ದಟ್ಟ ದ್ರವದಲ್ಲಿ ಮುಳುಗಿಸಿ ಬೇರ್ಪಡಿಸುವುದೂ, ನುಣ್ಣನೆಯ ಭಾಗಕ್ಕೆ ನೊರೆ ತೇಲಿಕೆಯೂ ಜೊತೆಜೊತೆಯಾಗಿ ಬಳಕೆಗೆ ಬಂದವು. 1991ರಲ್ಲಿ ಸೋನಿ ಕಂಪನಿಯು ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಮುಂದೆ ವಾಹನಗಳಿಗೂ ವಿಸ್ತರಿಸಿದಾಗ, ಶಿಲಾಮೂಲದ ಲಿಥಿಯಂಗೆ ಮತ್ತೆ ಬೆಲೆ ಬಂದಿತು. 2017ರಿಂದೀಚೆಗೆ ಆಸ್ಟ್ರೇಲಿಯ ಲಿಥಿಯಂ ಉತ್ಪಾದನೆಯಲ್ಲಿ ಚಿಲಿಯನ್ನು ಮೀರಿಸಿತು.

8. ಮಂಡ್ಯದ ಶಿಲೆಗಳು

2020ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗಿ ವ್ಯಾಪಕ ಕುತೂಹಲ ಮೂಡಿಸಿತು. 2021ರಲ್ಲಿ ಸಂಸತ್ತಿಗೆ ನೀಡಿದ ಉತ್ತರದಲ್ಲಿ, ಪರಮಾಣು ಖನಿಜ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯದ ಪ್ರಾಥಮಿಕ ಸಮೀಕ್ಷೆಯ ಪ್ರಕಾರ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟುಗಳಲ್ಲಿ ಊಹಿತ ವರ್ಗದ 1,600 ಟನ್ ಲಿಥಿಯಂ ಸಂಪನ್ಮೂಲವಿದೆಯೆಂದು ತಿಳಿಸಲಾಯಿತು. ಈ ಎರಡು ಸಂಖ್ಯೆಗಳ ನಡುವಣ ಅಂತರವೇ ಚರ್ಚೆಯ ವಸ್ತುವಾಯಿತು. ಆದರೆ ಸಂಖ್ಯೆ ಯಾವುದೇ ಇರಲಿ, ಅದು ಶಿಲೆಯಲ್ಲಿರುವ ಲಿಥಿಯಂನ ಲೆಕ್ಕ. ಕೈಗೆ ಬರುವ ಲಿಥಿಯಂನ ಲೆಕ್ಕವಲ್ಲ.

ಒಂದು ನಿದರ್ಶನ ನೋಡಬಹುದು. ಶೇಕಡ 1.5ರಷ್ಟು ಲಿಥಿಯಂ ಆಕ್ಸೈಡ್ ಇರುವ 100 ಟನ್ ಶಿಲೆಯನ್ನು ಸಂಸ್ಕರಿಸಿ ಅದರ ಶೇಕಡ 80 ಭಾಗವನ್ನು ಹಿಡಿದೆವೆಂದು ಇಟ್ಟುಕೊಂಡರೆ, ಮಾರುಕಟ್ಟೆಯಲ್ಲಿ ಒಪ್ಪುವ ಶೇಕಡ 6ರ ಸಾರೀಕೃತ ಅದಿರು ದೊರೆಯುವುದು 20 ಟನ್. ಉಳಿದ 80 ಟನ್ ನುಣ್ಣನೆಯ ಮರಳು ಮತ್ತು ಕೆಸರು ಎಲ್ಲಾದರೂ ನೆಲೆಗೊಳ್ಳಬೇಕು. ತೇಲಿಕೆಯ ರಾಡಿಗೆ ಶಿಲೆಯ ತೂಕದ ಎರಡು ಮೂರು ಪಟ್ಟು ನೀರು ಬೇಕು. ಅದರ ಬಹುಪಾಲನ್ನು ಮರುಬಳಸಬಹುದಾದರೂ, ಹಾಗೆ ಮರಳಿ ಬಂದ ನೀರಿನಲ್ಲಿ ಕೂಡಿಕೊಳ್ಳುವ ಅಯಾನುಗಳು ಬೇರ್ಪಡಿಕೆಯನ್ನೇ ಕೆಡಿಸುತ್ತವೆ ಎಂಬುದನ್ನು ಹಿಂದೆಯೇ ನೋಡಿದ್ದೇವೆ. ಕಾವೇರಿಯ ನೀರನ್ನು ನಂಬಿ ಬೇಸಾಯ ನಡೆಸುವ ಜಿಲ್ಲೆಯಲ್ಲಿ ಈ ಪ್ರಶ್ನೆಗಳು ಖನಿಜದ ಪ್ರಮಾಣದಷ್ಟೇ ಮುಖ್ಯವಾದವು. ಕಿಂಗ್ಸ್ ಮೌಂಟನ್ನಿನಲ್ಲಿ ಅಭ್ರಕ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಗಳನ್ನೂ ಉಪೋತ್ಪನ್ನಗಳಾಗಿ ಪಿಂಗಾಣಿ ಮುಂತಾದ ಉದ್ಯಮಗಳಿಗೆ ಮಾರಲಾಗುತ್ತಿತ್ತು. ತ್ಯಾಜ್ಯವನ್ನು ತಗ್ಗಿಸುವ ಆ ಮಾದರಿಯೂ ಇಲ್ಲಿ ಪರಿಶೀಲನಾರ್ಹ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಲ್ಫೈಡುಗಳ ತೇಲಿಕೆ ಹೊಸ ರಾಸಾಯನಿಕಗಳ ಶೋಧದಿಂದ ಮುಂದುವರಿದರೆ, ಸ್ಪಾಡ್ಯುಮೀನಿನ ತೇಲಿಕೆ ಮೇಲ್ಮೈಯನ್ನು ಶುಚಿಗೊಳಿಸುವ ಕ್ರಮದಿಂದ ಸಾಧ್ಯವಾಯಿತು. ಎರಡನೆಯದಾಗಿ, ಈ ವಿದ್ಯೆಯ ಚರಿತ್ರೆಯಲ್ಲಿ ಹೆಸರುಳ್ಳವರಿಗಿಂತ ಹೆಸರಿಲ್ಲದವರ ಪಾಲು ಹಿರಿದು. ಎವರ್ಸನ್ನಳಂತೆ ಹೆಸರಿದ್ದೂ ಕಥೆಯಾಗಿ ಕುಗ್ಗಿದವರೂ ಇದ್ದಾರೆ. ಮೂರನೆಯದಾಗಿ, ಅದಿರು ಎಂಬುದು ಭೂಗರ್ಭದ ಸಂಗತಿಯಾಗಿರುವಷ್ಟೇ ವಿದ್ಯೆ, ನೀರು, ಇಂಧನ ಮತ್ತು ಮಾರುಕಟ್ಟೆಗಳ ಸಂಗತಿಯೂ ಹೌದು. ಕರ್ನಾಟಕದ ಪೆಗ್ಮಟೈಟುಗಳನ್ನು ಕುರಿತು ಮುಂದೆ ನಡೆಯುವ ಅಧ್ಯಯನಗಳು ಕೊಳವೆ ಕೊರೆತದ ಅಂಕಿಅಂಶಗಳ ಜೊತೆಗೆ, ಹರಳಿನ ಗಾತ್ರ, ಅರೆದಾಗ ಉಂಟಾಗುವ ಕೆಸರಿನ ಪ್ರಮಾಣ ಮತ್ತು ಸ್ಥಳೀಯ ನೀರಿನ ಗುಣಗಳನ್ನು ಆರಂಭದಿಂದಲೇ ದಾಖಲಿಸುವುದು ಅಗತ್ಯ. ಕಿಂಗ್ಸ್ ಮೌಂಟನ್ನಿನಲ್ಲಿ ಶಿಲೆಯ ಮೌಲ್ಯವನ್ನು ನಿರ್ಧರಿಸಿದ್ದು ಇಂಥ ಸಣ್ಣ ವಿವರಗಳೇ.